ಬೆಳಗಿನ ಚಳಿಯಲ್ಲಿ ಗೇರ್ ಹಾಕಿದರೆ ಬೈಕ್ ಎಗರುತ್ತದೆ, ಏಕೆ?

ತೋರಣಗಲ್ಲು ಪಾಳಿಯವನು:
ಬಳ್ಳಾರಿಯಿಂದ ತೋರಣಗಲ್ಲಿಗೆ ಬೆಳಗಿನ ಪಾಳಿಗೆ ಹೋಗುತ್ತೇನೆ. ಐದು ಗಂಟೆಗೆ ಬೈಕ್ ಚಾಲೂ ಮಾಡಿ, ಕ್ಲಚ್ ಪೂರ್ತಿ ಹಿಡಿದು ಮೊದಲ ಗೇರ್ ಹಾಕಿದರೂ ‘ಟಕ್’ ಎಂದು ಮುಂದಕ್ಕೆ ಎಗರುತ್ತದೆ. ಕುಡುತಿನಿ ದಾಟುವಷ್ಟರಲ್ಲಿ ಎಲ್ಲ ಸರಿ. ಕ್ಲಚ್ ಪ್ಲೇಟ್ ಬದಲಿಸಬೇಕೆಂದು ಗ್ಯಾರೇಜಿನವರು ಹೇಳುತ್ತಾರೆ. ಬೇಸಿಗೆಯಲ್ಲಿ ಹಾಕಿಸಿದ 20ಡಬ್ಲ್ಯು-50 ಎಂಬ ಮಂದ ಎಂಜಿನ್ ಆಯಿಲ್ ಇನ್ನೂ ಇದೆ.

ರಾಯಚೂರು ಸವಾರ:
ನಮ್ಮದೇನು ಹಿಮಾಲಯವೇ? ಹದಿನೈದು-ಹದಿನಾರು ಡಿಗ್ರಿಗೆ ಆಯಿಲ್ ಹೆಪ್ಪುಗಟ್ಟುವುದಿಲ್ಲ. ಕ್ಲಚ್ ಕೇಬಲ್ ನೋಡಿಸಿ.

ಕೊಪ್ಪಳ ಮೆಕ್ಯಾನಿಕ್:
ಹೆಪ್ಪುಗಟ್ಟುವುದು ಬೇರೆ, ಮಂದವಾಗುವುದು ಬೇರೆ ಸರ್. ನಮ್ಮ ಬಹುತೇಕ ಬೈಕುಗಳಲ್ಲಿ ಕ್ಲಚ್ ಪ್ಲೇಟುಗಳು ಎಂಜಿನ್ ಆಯಿಲಿನಲ್ಲೇ ಮುಳುಗಿರುತ್ತವೆ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಪ್ಲೇಟುಗಳ ನಡುವಿನ ಆಯಿಲ್ ಅಂಟಿನಂತೆ ಹಿಡಿದುಕೊಳ್ಳುತ್ತದೆ. ಲಿವರ್ ಎಳೆದರೂ ಅವು ಪೂರ್ತಿ ಬಿಡುವುದಿಲ್ಲ, ತಿರುಗುವ ಎಂಜಿನ್ ಗೇರ್‌ಬಾಕ್ಸನ್ನೂ ಎಳೆಯುತ್ತದೆ. ಎಗರುವುದು ಅದಕ್ಕೇ. ಬಿಸಿಯಾದ ಮೇಲೂ ಎಗರಿದರೆ, ನ್ಯೂಟ್ರಲ್ ಸಿಗದಿದ್ದರೆ ಆಗ ಕೇಬಲ್, ಪ್ಲೇಟ್ ನೋಡಬೇಕು. ಬಿಸಿಯಾದೊಡನೆ ಸರಿಹೋಗುವ ಗಾಡಿಗೆ ಹೊಸ ಪ್ಲೇಟ್ ಹಾಕಿಸುವುದು ದುಡುಕು. ನನ್ನ ಕೈಗೆ ಬಂದ ಗಾಡಿಗೆ ನಾನಂತೂ ಹಾಕುವುದಿಲ್ಲ.

ಸಿಂಧನೂರಿನ ರೈತ:
ಮೇ ತಿಂಗಳಲ್ಲಿ ನಲವತ್ತು ದಾಟುವ ಊರಿನಲ್ಲಿ ಚಳಿಗೆಂದು ತೆಳು ಆಯಿಲ್ ಹಾಕಿದರೆ ಎಂಜಿನ್ ಗತಿಯೇನು? ನಾನು 20ಡಬ್ಲ್ಯು-50 ಬಿಡುವುದಿಲ್ಲ.

ಕೊಪ್ಪಳ ಮೆಕ್ಯಾನಿಕ್:
ಅಣ್ಣಾ, ಡಬ್ಲ್ಯುಗೆ ಮೊದಲು ಬರುವ ಅಂಕಿ ಚಳಿಯದು, ಅದು ಕಡಿಮೆಯಿದ್ದಷ್ಟೂ ಚಳಿಯಲ್ಲಿ ಆಯಿಲ್ ತೆಳು; ನಂತರ ಬರುವುದು ನೂರು ಡಿಗ್ರಿ ಬಿಸಿಯಲ್ಲಿನ ಮಂದತನದ್ದು. ಗಾಡಿಯ ಕೈಪಿಡಿ 10ಡಬ್ಲ್ಯು-30 ಎಂದರೆ ಅದನ್ನೇ ಹಾಕಿ. ಬಿಸಿಲಿನ ಲೆಕ್ಕವೂ ತಯಾರಕರಿಗೆ ಗೊತ್ತಿರುತ್ತದೆ. 20ಡಬ್ಲ್ಯು-50 ಎಂದೇ ಬರೆದಿದ್ದರೆ ನಿಮ್ಮ ಮಾತೇ ಸರಿ.

ಗಂಗಾವತಿ ವಿದ್ಯಾರ್ಥಿ:
ಅಪ್ಪನ ಕಾರಿಗೆ ತಂದ ತೆಳು ಆಯಿಲ್ ಮಿಕ್ಕಿದೆ. ಅದನ್ನೇ ಹಾಕಿದರೆ?

ಕೊಪ್ಪಳ ಮೆಕ್ಯಾನಿಕ್:
ಬೇಡ ತಮ್ಮಾ. ಅನೇಕ ಕಾರ್ ಆಯಿಲುಗಳಲ್ಲಿ ಜಾರಿಕೆ ಹೆಚ್ಚಿಸುವ ಅಂಶ ಇರುತ್ತದೆ. ಕ್ಲಚ್ ಜಾರಿ, ಎಂಜಿನ್ ಕೂಗುತ್ತದೆ, ಗಾಡಿ ಓಡುವುದಿಲ್ಲ. ಡಬ್ಬಿಯ ಮೇಲೆ ‘ಜಾಸೊ ಎಂಎ’ ಅಥವಾ ‘ಎಂಎ2’ ಇದೆಯೇ ನೋಡು, ಅದು ಆಯಿಲಿನಲ್ಲಿ ಮುಳುಗುವ ಬೈಕ್ ಕ್ಲಚ್‌ಗೆ ಒಗ್ಗುವ ಆಯಿಲಿನ ಗುರುತು.

ರಾಯಚೂರು ಸವಾರ:
ಆಯಿಲಿನ ಮಾತು ಒಪ್ಪಿದೆ. ಆದರೂ ಲಿವರ್ ತುದಿಯ ಸಡಿಲ ಹೆಚ್ಚಾಗಿದ್ದರೆ ಕ್ಲಚ್ ಪೂರ್ತಿ ಬಿಡುವುದಿಲ್ಲ, ಆಗ ಚಳಿಯ ಎಳೆತ ಇಮ್ಮಡಿಯಾಗುತ್ತದೆ. ನಮ್ಮ ದೂಳಿಗೆ ಕೇಬಲ್ ಒಳಗೇ ಬೇಗ ಹಿಡಿದುಕೊಂಡು ಸಲೀಸಾಗಿ ಜಾರುವುದಿಲ್ಲ. ಅದನ್ನು ಮರೆಯಬೇಡಿ.

ಕೊಪ್ಪಳ ಮೆಕ್ಯಾನಿಕ್:
ಅದು ನಿಜ. ಇನ್ನೊಂದು ಉಪಾಯ: ಎಂಜಿನ್ ಆರಿಸಿದ್ದಾಗಲೇ ಎರಡನೇ ಗೇರ್ ಹಾಕಿ, ಕ್ಲಚ್ ಹಿಡಿದು ಗಾಡಿಯನ್ನು ನಾಲ್ಕು ಸಲ ಹಿಂದೆ ಮುಂದೆ ತಳ್ಳಿ. ಅಂಟಿದ ಪ್ಲೇಟುಗಳು ಬಿಡುತ್ತವೆ. ನಂತರ ನ್ಯೂಟ್ರಲ್‌ಗೆ ತಂದು ಚಾಲೂ ಮಾಡಿ, ಒಂದು ನಿಮಿಷ ಬಿಟ್ಟು ಹೊರಡಿ.

ತೋರಣಗಲ್ಲು ಪಾಳಿಯವನು:
ಇಂದು ಬೆಳಗ್ಗೆ ತಳ್ಳಿ ನೋಡಿದೆ. ಮೊದಲು ಚಕ್ರ ಬಿಗಿಯಾಗಿತ್ತು, ಮೂರನೇ ಸಲಕ್ಕೆ ಸಲೀಸಾಯಿತು, ಗೇರ್ ಹಾಕಿದಾಗ ಎಗರಲಿಲ್ಲ. ಕೈಪಿಡಿಯಲ್ಲಿ 10ಡಬ್ಲ್ಯು-30 ಎಂದೇ ಇದೆ. ಭಾನುವಾರ ಆಯಿಲ್ ಬದಲಿಸಿ, ಕೇಬಲ್ ಸಡಿಲವನ್ನೂ ಸರಿಪಡಿಸುತ್ತೇನೆ.