1943ರ ವಿಲ್ಲಿಸ್ ಜೀಪ್: 6 ವೋಲ್ಟನ್ನೇ ಉಳಿಸಿಕೊಳ್ಳಲಾ?

ಪ್ರಶ್ನೆ
ಎರಡು ವರ್ಷದಿಂದ ಒಂದು ವಿಲ್ಲಿಸ್ ಎಂಬಿ ಜೀಪನ್ನು ಬಿಚ್ಚಿ ಜೋಡಿಸುತ್ತಿದ್ದೇನೆ. ಬ್ಯಾಟರಿ ಹೊಸದು, ಆದರೂ ಸೆಲ್ಫ್ ಹೊಡೆದರೆ ಎಂಜಿನ್ ನರಳುತ್ತಾ ತಿರುಗುತ್ತದೆ. ಎಲ್ಲರೂ 12 ವೋಲ್ಟ್ ಮಾಡಿಬಿಡು ಅಂತಾರೆ. ನನಗೆ ಮನಸ್ಸಿಲ್ಲ. ನಿನ್ನೆ ಡ್ಯಾಶ್‌ಬೋರ್ಡ್ ಉಜ್ಜುವಾಗ ಮೂರು ಪದರ ಬಣ್ಣದ ಕೆಳಗೆ ಮೂಲ ಹಸಿರು ಕಾಣಿಸಿತು, ಉಗುರಿನಷ್ಟು ಜಾಗ. ಕೈ ಅಲ್ಲೇ ನಿಂತುಹೋಯಿತು. ಇದ್ದ ಹಾಗೇ ಉಳಿಸಬೇಕು ಅನ್ನಿಸಿದೆ.

ಉತ್ತರ 1
ಉಳಿಸಿ. ಮೊದಲು ಕೇಬಲ್ ನೋಡಿ. 6 ವೋಲ್ಟಿನಲ್ಲಿ ಅದೇ ಕೆಲಸಕ್ಕೆ ಎರಡರಷ್ಟು ಕರೆಂಟ್ ಹರಿಯಬೇಕು, 12 ವೋಲ್ಟ್ ಗಾಡಿಯ ತೆಳು ಕೇಬಲ್ ಸಾಲದು. ಆಮೇಲೆ ಅರ್ಥ್. ಎಂಜಿನ್ ಕೂತಿರುವುದು ರಬ್ಬರ್ ಮೇಲೆ, ಅಲ್ವಾ? ರಬ್ಬರಿನಲ್ಲಿ ಕರೆಂಟ್ ಹರಿಯಲ್ಲ. ಎಂಜಿನ್‌ನಿಂದ ಚಾಸಿಸ್‌ಗೆ ಹೋಗುವ ಪಟ್ಟಿಯ ಕೆಳಗೆ ಹೊಸ ಬಣ್ಣ ಇದ್ದರೆ ಕೆರೆದು ಬರಿ ಕಬ್ಬಿಣ ಕಾಣುವ ಹಾಗೆ ಮಾಡಿ.

ಉತ್ತರ 2
ಚಕ್ರ ಎರಡು ಭಾಗದ ಕಾಂಬ್ಯಾಟ್ ರಿಮ್ ಆಗಿದ್ದರೆ ದಯವಿಟ್ಟು ಹುಷಾರು. ವಾಲ್ವ್ ಪಿನ್ ತೆಗೆದು ಗಾಳಿ ಪೂರ್ತಿ ಬಿಟ್ಟ ಮೇಲೇ ರಿಮ್ ಜೋಡಿಸಿರುವ ನಟ್ ಮುಟ್ಟಿ. ಗಾಳಿ ಇರುವಾಗ ಬಿಚ್ಚಿದರೆ ರಿಮ್ ಸಿಡಿದು ಜೀವ ಹೋಗಬಹುದು.

ಪ್ರಶ್ನೆ ಕೇಳಿದವರು
ಪಟ್ಟಿಯ ಕೆಳಗೆ ಬಣ್ಣ ಇತ್ತು, ನಾನೇ ಹೊಡೆದದ್ದು! ಕೆರೆದೆ, ಸೆಲ್ಫ್ ಚುರುಕಾಯಿತು. ಇನ್ನೊಂದು: ಕೆಲವು ಬೋಲ್ಟ್ ತಲೆಯ ಮೇಲೆ ಎಫ್ ಅಕ್ಷರ ಇದೆ. ಇದೇ ಜೀಪನ್ನು ಆಗ ಫೋರ್ಡ್ ಕಂಪನಿಯೂ ಮಾಡಿತ್ತಲ್ಲ, ಗಾಡಿ ಫೋರ್ಡಿನದಾ?

ಉತ್ತರ 1
ಬೋಲ್ಟ್ ನಂಬಬೇಡಿ, ಅದಲುಬದಲು ಆಗಿರುತ್ತೆ. ರೇಡಿಯೇಟರ್ ಕೆಳಗಿನ ಅಡ್ಡಪಟ್ಟಿ ನೋಡಿ. ದುಂಡು ಪೈಪ್ ಇದ್ದರೆ ಚಾಸಿಸ್ ವಿಲ್ಲಿಸ್‌ನದೇ.