ಫ್ರೆಂಚ್ ವಾಯುಪಡೆಯ ಟೈಪ್ 20 ವಾಚು ಹರಾಜಿಗೆ ಬಂದಿದೆ, ಕೂಗಬಹುದಾ?

ಪ್ರಶ್ನೆ: ಸರ್, ಫ್ರೆಂಚ್ ವಾಯುಪಡೆಯ ಪೈಲಟ್‌ಗಳಿಗೆ ಕೊಡುತ್ತಿದ್ದ ಬ್ರೆಗೆ ಕಂಪನಿಯ ಟೈಪ್ 20 ಕ್ರೊನೊಗ್ರಾಫ್ (ಸ್ಟಾಪ್‌ವಾಚ್ ಇರುವ ಕೈಗಡಿಯಾರ) ಒಂದು ಹರಾಜಿಗೆ ಬಂದಿದೆ. 1950ರ ದಶಕದ್ದು. ಡಯಲ್ ಮೇಲೆ ಕಂಪನಿ ಹೆಸರೇ ಇಲ್ಲ, ಅದೇ ನನಗೆ ಅನುಮಾನ. ಹಿಂದಿನ ಮುಚ್ಚಳದ ಮೇಲೆ ಎಫ್‌ಜಿ ಅಂತ ಎರಡು ತಾರೀಖು ಒತ್ತಿದ್ದಾರೆ. ಕೇಸು ಹೊಸದರ ಹಾಗೆ ಹೊಳೆಯುತ್ತಿದೆ, ಮುಳ್ಳುಗಳು ಕತ್ತಲಲ್ಲಿ ಚೆನ್ನಾಗಿ ಬೆಳಗುತ್ತವಂತೆ. ವಾಚು ಓಡುತ್ತಿದೆ ಅಂತಷ್ಟೇ ಬರೆದಿದ್ದಾರೆ. ಕೂಗಲಾ?

ಉತ್ತರ: ಹೆಸರಿಲ್ಲದ ಡಯಲ್ ಬಗ್ಗೆ ಚಿಂತೆ ಬೇಡ, ಸೇನೆಗೆ ಹೋದ ಟೈಪ್ 20ಗಳಲ್ಲಿ ಅದು ಸಾಮಾನ್ಯ. ಎಫ್‌ಜಿ ಅಂದರೆ ಗ್ಯಾರಂಟಿ ಮುಗಿಯುವ ದಿನ, ಪ್ರತಿ ಸಲ ಸರ್ವಿಸ್ ಆದಾಗ ಹೊಸ ತಾರೀಖು ಒತ್ತುತ್ತಿದ್ದರು. ಅದು ಒಳ್ಳೆ ಗುರುತು. ಆದರೆ ನೀವು ಮೆಚ್ಚಿಕೊಂಡ ಆ ಹೊಳಪು ಮತ್ತು ಬೆಳಕು, ನನಗೆ ಅವೇ ಬೇಸರ ತಂದವು. ಆ ಕಾಲದಲ್ಲಿ ಹಚ್ಚುತ್ತಿದ್ದದ್ದು ವಿಕಿರಣ ಸೂಸುವ ರೇಡಿಯಂ, ಅದರ ಜೊತೆಗಿನ ಹೊಳೆಯುವ ಪುಡಿ ಇಷ್ಟು ವರ್ಷಕ್ಕೆ ಸತ್ತುಹೋಗಿರುತ್ತೆ, ಹಾಗಾಗಿ ಈಗಲೂ ಚೆನ್ನಾಗಿ ಬೆಳಗುತ್ತಿದ್ದರೆ ಯಾರೋ ಹೊಸದಾಗಿ ಹಚ್ಚಿದ್ದಾರೆ ಅಂತಲೇ ಅರ್ಥ. ಪಾಲಿಶ್ ಮಾಡಿದ ಕೇಸಿನ ಅಂಚು ಮತ್ತೆ ಬರಲ್ಲ. ಗೀರು ಬಿದ್ದು ಮಾಸಿದ್ದರೂ ಯಾರೂ ಕೈಹಾಕದ ವಾಚು ಸಿಕ್ಕರೆ ನಾನು ಅದಕ್ಕೇ ಜಾಸ್ತಿ ಕೊಡುತ್ತೇನೆ.

ಓಡುತ್ತಿದೆ ಅನ್ನೋ ಮಾತು ಸಾಲದು. ಟೈಪ್ 20ರ ಜೀವ ಇರೋದೇ ಫ್ಲೈಬ್ಯಾಕ್‌ನಲ್ಲಿ. ಸಾಮಾನ್ಯ ಕ್ರೊನೊಗ್ರಾಫಿನಲ್ಲಿ ನಿಲ್ಲಿಸಿ, ಸೊನ್ನೆಗೆ ತಂದು, ಮತ್ತೆ ಶುರು ಮಾಡಬೇಕು, ಮೂರು ಸಲ ಒತ್ತಬೇಕು. ಫ್ಲೈಬ್ಯಾಕ್ ಇದ್ದರೆ ಕೆಳಗಿನ ಬಟನ್ ಒಮ್ಮೆ ಒತ್ತಿದರೆ ಈ ಮೂರೂ ಆಯಿತು. ಗಂಟೆಗೆ 360 ಕಿಲೋಮೀಟರ್ ವೇಗದ ವಿಮಾನ ಒಂದು ಸೆಕೆಂಡಿಗೆ 100 ಮೀಟರ್ ಹೋಗುತ್ತೆ, ದಿಕ್ಸೂಚಿ ಮತ್ತು ಗಡಿಯಾರ ನೋಡಿಕೊಂಡೇ ದಾರಿ ಲೆಕ್ಕ ಹಾಕುವ ಪೈಲಟ್‌ಗೆ ಪ್ರತಿ ತಿರುವಿನಲ್ಲೂ ಹೀಗೆ ಉಳಿಯುವ ಎರಡು ಮೂರು ಸೆಕೆಂಡು ಎಷ್ಟು ಮುಖ್ಯ ಅಲ್ವಾ? ಅದಕ್ಕೇ ವಿಡಿಯೊ ಕೇಳಿ. ಕ್ರೊನೊಗ್ರಾಫ್ ಓಡುವಾಗ ಕೆಳಗಿನ ಬಟನ್ ಒತ್ತಿ ಹಿಡಿಯಲಿ. ಸೆಕೆಂಡು ಮುಳ್ಳು ಸೊನ್ನೆಗೆ ಹಾರಿ ಅಲ್ಲೇ ನಿಂತಿರಬೇಕು, ಬಿಟ್ಟ ಕೂಡಲೇ ಓಡಬೇಕು. ಒಂದು ಗೀಟು ಆಚೀಚೆ ನಿಂತರೂ ರಿಪೇರಿ ಖರ್ಚು ಕಾದಿದೆ.

ಪ್ರಶ್ನೆ: ರೇಡಿಯಂ ಅಂದರೆ ಭಯ ಸರ್. ಮತ್ತೆ ಎಲ್ಲಿವರೆಗೆ ಕೂಗಲಿ?

ಉತ್ತರ: ಬೆಳಕು ಹೋದರೂ ವಿಕಿರಣ ಹೋಗಲ್ಲ, ರೇಡಿಯಂ ಅರ್ಧಕ್ಕೆ ಇಳಿಯಲು ಸುಮಾರು 1600 ವರ್ಷ ಬೇಕು. ಅಪಾಯ ಜಾಸ್ತಿ ಇರೋದು ಉದುರುವ ಪುಡಿಯಲ್ಲಿ. ಮನೆಯಲ್ಲಿ ಮುಚ್ಚಳ ಬಿಚ್ಚಲೇಬೇಡಿ, ತಲೆದಿಂಬಿನ ಹತ್ತಿರ ಇಡಬೇಡಿ, ರಿಪೇರಿಗೆ ಕೊಡುವಾಗ ಮೊದಲೇ ಹೇಳಿ. ಹೊಸದಾಗಿ ಹಚ್ಚಿದ್ದರೂ ಹಳೆಯದನ್ನು ಪೂರ್ತಿ ತೆಗೆದಿದ್ದಾರಾ ಅಂತ ಕೇಳಿ.

ಬೆಲೆಗೆ ಬಂದರೆ, ಕೂಗಿನ ಮೇಲೆ ಹರಾಜಿನವರ ಕಮಿಷನ್, ಸಾಗಣೆ, ಸುಂಕ, ಪೂರ್ತಿ ಸರ್ವಿಸ್ ಖರ್ಚು ಎಲ್ಲ ಸೇರುತ್ತೆ. ನಿಮ್ಮ ಬಜೆಟ್‌ನಿಂದ ಇವನ್ನೆಲ್ಲ ಮೊದಲೇ ಕಳೆದು ಉಳಿದಷ್ಟಕ್ಕೆ ಮಾತ್ರ ಕೂಗಿ. ವಿಡಿಯೊ ಬಂದರೆ ಇಲ್ಲೇ ಹಾಕಿ, ಮುಳ್ಳು ಎಲ್ಲಿ ನಿಲ್ಲುತ್ತೆ ಅಂತ ನೋಡಿ ಹೇಳುತ್ತೇನೆ. ವಿಡಿಯೊ ಕೊಡಲ್ಲ ಅಂದರೆ ನಾನಂತೂ ಕೂಗಲ್ಲ.