ತಾರಿಣಿ, ತರಂಗಿಣಿ ನೌಕೆಗಳ ಹಾಯಿಗಳು ಬೇರೆ ಬೇರೆ ಏಕೆ?

ಪ್ರಶ್ನೆ (ವಿಜ್ಞಾನ ಶಿಕ್ಷಕಿ, ಕಲಬುರಗಿ):
ಎಂಟನೆಯ ತರಗತಿಯಲ್ಲಿ ನಮ್ಮ ನೌಕಾಪಡೆಯ ತಾರಿಣಿ ಮತ್ತು ತರಂಗಿಣಿಯ ಚಿತ್ರಗಳನ್ನು ತೋರಿಸಿದಾಗ, ಎರಡೂ ಹಾಯಿನೌಕೆಗಳೇ ಆಗಿದ್ದರೂ ರೂಪ ಇಷ್ಟು ಬೇರೆಯಾಗಿರುವುದೇಕೆ ಎಂದು ಒಬ್ಬ ಹುಡುಗಿ ಕೇಳಿದಳು. ಸಮುದ್ರವನ್ನೇ ಕಾಣದ ಮಕ್ಕಳಿಗೆ ರಿಗ್ಗಿಂಗ್ (ಹಾಯಿಮರ, ಹಾಯಿ, ಹಗ್ಗಗಳ ಜೋಡಣೆ) ಎಂಬುದನ್ನು ಹೇಗೆ ವಿವರಿಸಲಿ?

ಉತ್ತರ (ನಿವೃತ್ತ ನಾವಿಕ, ಯಾದಗಿರಿ):
ಮೇಡಂ ಅವರೇ, ಹಗ್ಗಗಳಿಂದಲೇ ಆರಂಭಿಸಿ. ಮದುವೆಯ ಶಾಮಿಯಾನದ ಕಂಬವನ್ನು ಗೂಟಗಳಿಗೆ ಬಿಗಿದ ಹಗ್ಗಗಳು ನಿಲ್ಲಿಸುವುದನ್ನು ಮಕ್ಕಳು ನೋಡಿಯೇ ಇರುತ್ತಾರೆ. ಹಾಯಿಮರವನ್ನು ಹಿಂದುಮುಂದಿನಿಂದ ಹಿಡಿಯುವ ಸ್ಟೇ, ಎರಡು ಪಕ್ಕಗಳಿಂದ ಹಿಡಿಯುವ ಶ್ರೌಡ್ ಮಾಡುವುದೂ ಅದೇ ಕೆಲಸ. ಇಂದು ಹೆಚ್ಚಾಗಿ ಉಕ್ಕಿನ ತಂತಿಯಾಗಿರುವ ಇವು ಸ್ಟ್ಯಾಂಡಿಂಗ್ ರಿಗ್ಗಿಂಗ್. ಇನ್ನು ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವದಂದು ಶಾಲೆಯಲ್ಲಿ ಧ್ವಜ ಏರಿಸುವ ಹಗ್ಗವನ್ನು ತೋರಿಸಿ: ಹಾಯಿಯನ್ನು ಮೇಲೇರಿಸುವ ಹ್ಯಾಲ್ಯಾರ್ಡ್ ಹಾಗೆಯೇ ಇರುತ್ತದೆ. ಏರಿದ ಹಾಯಿಯನ್ನು ಎಳೆದು, ಸಡಿಲಿಸಿ ಗಾಳಿಗೆ ಹೊಂದಿಸುವ ಹಗ್ಗದ ಹೆಸರು ಶೀಟ್; ಹೊಸಬರು ಅದನ್ನು ಬಟ್ಟೆಯೆಂದೇ ತಿಳಿಯುತ್ತಾರೆ. ಗಾಳಿ ಒಮ್ಮೆಲೇ ಬಲವಾದಾಗ, ಬೆದರಿದ ಎತ್ತಿನ ಹಗ್ಗದಂತೆ ಅದು ಅಂಗೈಯಲ್ಲಿ ಜಗ್ಗುತ್ತದೆ. ಸ್ವಲ್ಪ ಬಿಟ್ಟುಕೊಟ್ಟರೆ ವಾಲಿದ ದೋಣಿ ಮತ್ತೆ ನೆಟ್ಟಗಾಗುತ್ತದೆ. ಹೀಗೆ ಚಲಿಸುವ ಹಗ್ಗಗಳೆಲ್ಲ ರನ್ನಿಂಗ್ ರಿಗ್ಗಿಂಗ್.

ಉತ್ತರ (ನೌಕೆಗಳ ಮಾದರಿ ತಯಾರಿಸುವವರು, ಬೀದರ್):
ಯಜಮಾನರು ಹಗ್ಗಗಳ ವಿಷಯವನ್ನು ಚೆನ್ನಾಗಿ ತಿಳಿಸಿದ್ದಾರೆ. ರೂಪದ ವ್ಯತ್ಯಾಸ ಹಾಯಿಮರಗಳ ಸಂಖ್ಯೆ ಮತ್ತು ಸ್ಥಾನದಲ್ಲಿದೆ. 2017–18ರಲ್ಲಿ ಆರು ಮಹಿಳಾ ಅಧಿಕಾರಿಗಳು ಭೂಮಿಯನ್ನು ಸುತ್ತಿಬಂದ, 56 ಅಡಿ ಉದ್ದದ ತಾರಿಣಿ ಒಂದೇ ಹಾಯಿಮರದ ಸ್ಲೂಪ್: ಮರದ ಹಿಂದೆ ದೊಡ್ಡ ಹಾಯಿ, ಮುಂದೆ ಒಂದು ಹಾಯಿ. ಮುಂದೆ ಎರಡಿದ್ದರೆ ಕಟರ್. ಎರಡು ಮರಗಳಿದ್ದು, ಹಿಂದಿನ ಗಿಡ್ಡ ಮರ ಚುಕ್ಕಾಣಿಯ ದಂಡಕ್ಕಿಂತ ಮುಂದಿದ್ದರೆ ಕೆಚ್, ಹಿಂದಿದ್ದರೆ ಯಾಲ್. ಮುಂದಿನ ಮರವೇ ಗಿಡ್ಡವಾಗಿದ್ದರೆ ಅಥವಾ ಎರಡೂ ಸಮವಾಗಿದ್ದರೆ ಸ್ಕೂನರ್. ತರಂಗಿಣಿ ಮೂರು ಮರಗಳ ಬಾರ್ಕ್; ಮೊದಲೆರಡು ಮರಗಳಲ್ಲಿ ಚೌಕ ಹಾಯಿಗಳು ನೌಕೆಗೆ ಅಡ್ಡಲಾಗಿ ತೂಗುತ್ತವೆ, ಕೊನೆಯ ಮರದ ಹಾಯಿ ಮಾತ್ರ ನೌಕೆಯ ಉದ್ದಕ್ಕೆ ನಿಲ್ಲುತ್ತದೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಕೃತಜ್ಞತೆಗಳು. ಒಂದೇ ಮರ ಸಾಲುವುದಾದರೆ ಕೆಚ್‌ಗೆ ಎರಡನೆಯದೇಕೆ, ಸರ್?

ನಿವೃತ್ತ ನಾವಿಕ:
ಒಂದು ದೊಡ್ಡ ಹಾಯಿಯ ಬದಲು ಅಷ್ಟೇ ಬಟ್ಟೆಯನ್ನು ಸಣ್ಣ ಹಾಯಿಗಳಾಗಿ ಹಂಚಿದರೆ, ಕಡಿಮೆ ಜನರಿದ್ದರೂ ನಿಭಾಯಿಸಬಹುದು. ಗಾಳಿ ಮಿತಿಮೀರಿದಾಗ ನಡುವಿನ ದೊಡ್ಡ ಹಾಯಿಯನ್ನು ಇಳಿಸಿ, ಮುಂದಿನ ಮತ್ತು ಹಿಂದಿನ ಸಣ್ಣ ಹಾಯಿಗಳೆರಡರಿಂದಲೇ ದೋಣಿಯನ್ನು ಸಮತೋಲ ತಪ್ಪದಂತೆ ನಡೆಸಬಹುದು. ಆದರೆ ಗಾಳಿಗೆ ಎದುರಾಗಿ ಓರೆಯಾಗಿ ಏರುವಾಗ ಸ್ಲೂಪ್‌ನದೇ ಮೇಲುಗೈ.